ಸೆನ್ಸರ್ ಹೋಗಿದೆ ಸಾರ್

ಶಿರಾಡಿ ಘಾಟಿಯ ಏರು ಮುಗಿಯಲು ಇನ್ನು ಎರಡು-ಮೂರು ತಿರುವು ಬಾಕಿ ಇದ್ದವು. ಮುಂದೆ ಆಮೆಯಂತೆ ತೆವಳುವ ಲಾರಿ, ಹಿಂದೆ ಬಸ್ಸಿನ ಹಾರನ್ನು. ನನ್ನ ಹಳೇ ಕಾರು ಕೆಮ್ಮಲಿಲ್ಲ, ಜಗ್ಗಾಡಲಿಲ್ಲ. ದೀಪ ಆರಿಸಿದ ಹಾಗೆ ಎಂಜಿನ್ ನಿಂತುಹೋಯಿತು. ಕೀಲಿ ತಿರುಗಿಸಿದರೆ ಸೆಲ್ಫು ಗಿರಗಿರ ಸುತ್ತುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಆರ್‌ಪಿಎಂ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡುವುದಿಲ್ಲ. ಮುಕ್ಕಾಲು ಗಂಟೆ ರಸ್ತೆಬದಿಯಲ್ಲಿ ಕೂತೆವು. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಕಾರು ಸ್ಟಾರ್ಟ್ ಆಯಿತು. ಸಕಲೇಶಪುರದ ಗ್ಯಾರೇಜಿನ ಬಾಗಿಲಲ್ಲಿ ಮತ್ತೆ ನಿಂತಿತು.

ಮೆಕ್ಯಾನಿಕ್ ಬಾನೆಟ್ ಎತ್ತಿದರು. ಗೇರ್‌ಬಾಕ್ಸಿನ ಪಕ್ಕದಲ್ಲಿದ್ದ ಹೆಬ್ಬೆರಳು ಗಾತ್ರದ ಕಪ್ಪು ಪ್ಲಾಸ್ಟಿಕ್ ತುಂಡಿನ ಮೇಲೆ ಕುಡಿಯುವ ನೀರಿನ ಬಾಟಲಿಯಿಂದ ಸಣ್ಣಗೆ ನೀರು ಬಿಟ್ಟರು. ಒಂದೆರಡು ನಿಮಿಷ ಬಿಟ್ಟು, "ಹೊಡೀರಿ ಸೆಲ್ಫು" ಅಂದರು. ಹೊಡೆದೆ. ಎಂಜಿನ್ ಹಿಡಿಯಿತು.

"ಕ್ರ್ಯಾಂಕ್ ಸೆನ್ಸರ್ ಹೋಗಿದೆ ಸಾರ್. ಬಿಸಿಯಾದ್ರೆ ಬಿಟ್ಕೊಳ್ಳುತ್ತೆ, ತಣ್ಣಗಾದ್ರೆ ಹಿಡ್ಕೊಳ್ಳುತ್ತೆ."

ಮರುದಿನ ಹಾಸನದಿಂದ ಹೊಸದು ಬಂತು, ಹಾಕಿದರು, ಕಾರು ಸರಿಹೋಯಿತು. ಹಳೆಯದನ್ನು ಕೇಳಿ ಇಸಿದುಕೊಂಡು ಬಂದೆ. ದಾರಿಯುದ್ದಕ್ಕೂ ಒಂದು ಅನುಮಾನ ಕೊರೆಯುತ್ತಿತ್ತು. ಹೊಸ ಸೆನ್ಸರ್ ಹಾಕುವಾಗ ಅವರು ಕನೆಕ್ಟರ್ ಬಿಚ್ಚಿ ಮತ್ತೆ ಸಿಕ್ಕಿಸಿದರು, ಸೆನ್ಸರ್ ಕೂರುವ ತೂತನ್ನು ಬಟ್ಟೆಯಲ್ಲಿ ಒರೆಸಿದರು, ಜೋತಾಡುತ್ತಿದ್ದ ವೈರನ್ನು ಕ್ಲಿಪ್ಪಿಗೆ ಸೇರಿಸಿದರು. ಒಂದು ರಿಪೇರಿಯ ಹೆಸರಿನಲ್ಲಿ ನಾಲ್ಕು ರಿಪೇರಿ ಆಗಿದ್ದವು. ಕಾರನ್ನು ಗುಣಮಾಡಿದ್ದು ನಾಲ್ಕರಲ್ಲಿ ಯಾವುದು? ವಾಹನಗಳ ಅಯಸ್ಕಾಂತೀಯ ಸೆನ್ಸರುಗಳು ಏಕೆ ಕೆಡುತ್ತವೆ ಎಂದು ಕೇಳಿದಾಗಲೆಲ್ಲ ಉತ್ತರ ಜಾರಿಹೋಗುವುದು ಈ ಗೋಜಲಿನಿಂದಲೇ. ಭಾಗ ಬದಲಾಯಿಸಿದ ಮೇಲೆ ಗಾಡಿ ಓಡಿದರೆ ಕೆಟ್ಟದ್ದು ಆ ಭಾಗವೇ ಎಂದು ನಾವೆಲ್ಲ ನಂಬಿಬಿಡುತ್ತೇವೆ.

ಈ ಸೆನ್ಸರಿನ ಕೆಲಸ ಹೊಸದೇನಲ್ಲ. ಸೈಕಲ್ ಡೈನಮೋ ಕಂಡವರಿಗೆ ಗೊತ್ತು: ಚಕ್ರ ಜೋರಾಗಿ ತಿರುಗಿದರೆ ದೀಪ ಪ್ರಖರ, ನಿಧಾನವಾದರೆ ಮಿಣಮಿಣ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ ತತ್ವವೇ ಅದು. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಬದಲಾವಣೆ ಬೇಗನಾದಷ್ಟೂ ವೋಲ್ಟೇಜು ಹೆಚ್ಚು. ಹಳೆಯ ಮಾದರಿಯ ಕ್ರ್ಯಾಂಕ್ ಸೆನ್ಸರಿನೊಳಗೆ ಒಂದು ಪುಟ್ಟ ಅಯಸ್ಕಾಂತ, ಅದಕ್ಕೆ ಅಂಟಿದ ಮೆದುಕಬ್ಬಿಣದ ಕಡ್ಡಿ, ಕಡ್ಡಿಯ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು ಇರುತ್ತವೆ. ಎದುರಿಗೆ, ಒಂದು ಮಿಲಿಮೀಟರಿನ ಆಸುಪಾಸಿನ ಸಂದಿ ಬಿಟ್ಟು, ಹಲ್ಲಿನ ಚಕ್ರ ತಿರುಗುತ್ತದೆ. ಒಂದೊಂದು ಹಲ್ಲು ಹಾದಾಗಲೂ ವೋಲ್ಟೇಜು ಒಮ್ಮೆ ಏರಿ ಇಳಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಪಿಕಪ್ ಕಾಯಿಲ್ ಅನ್ನುತ್ತಾರೆ, ಬೈಕಿನದಾದರೆ ಪಲ್ಸರ್ ಕಾಯಿಲ್.

ಬಹಳಷ್ಟು ಎಂಜಿನ್‌ಗಳಲ್ಲಿ ಆ ಚಕ್ರಕ್ಕೆ 60 ಹಲ್ಲಿನ ಜಾಗ, ಅದರಲ್ಲಿ ಎರಡು ಹಲ್ಲನ್ನು ಬೇಕೆಂದೇ ಕಿತ್ತಿರುತ್ತಾರೆ. ಬೊಕ್ಕು ಬಾಯಿಯ ಆ ಸಂದಿ ಬಂದಾಗ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಪಿಸ್ಟನ್ ಎಲ್ಲಿದೆ ಎಂಬ ಗುರುತು ಸಿಗುತ್ತದೆ. ಹಲ್ಲಿನ ಜಾಗ 60 ಆಗಿರುವುದರಿಂದ ಒಂದು ಚೆಂದದ ಲೆಕ್ಕವೂ ಕೂಡಿಬರುತ್ತದೆ: ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಹಲ್ಲಿನ ಜಾಗಗಳು ಸೆಕೆಂಡಿಗೆ 3000ದ ಲೆಕ್ಕದಲ್ಲಿ ಹಾಯುತ್ತವೆ. ಇಷ್ಟು ಬೇಗ ಎಣಿಸುವವನಿಗೆ ಒಂದು ಎಣಿಕೆ ತಪ್ಪಿದರೂ ಇಂಧನ ಚಿಮ್ಮುವ ಹೊತ್ತು ತಪ್ಪುತ್ತದೆ.

ಈ ಸೆನ್ಸರಿನ ಮೊದಲ ಶತ್ರು ಬಿಸಿ. ತಾಮ್ರ, ಅದರ ಮೇಲಿನ ವಾರ್ನಿಷ್ ಲೇಪ, ಸುರುಳಿಯನ್ನು ಮುಚ್ಚಿಡುವ ರಾಳ, ಹೊರಗಿನ ಪ್ಲಾಸ್ಟಿಕ್, ಇವೆಲ್ಲ ಬಿಸಿಗೆ ಹಿಗ್ಗುವುದು ಒಂದೇ ಪ್ರಮಾಣದಲ್ಲಲ್ಲ. ರಾಳ ತಾಮ್ರಕ್ಕಿಂತ ಎಷ್ಟೋ ಹೆಚ್ಚು ಹಿಗ್ಗುತ್ತದೆ. ಬೆಳಿಗ್ಗೆ ತಣ್ಣಗೆ, ಮಧ್ಯಾಹ್ನ ನೂರು ಡಿಗ್ರಿ, ರಾತ್ರಿ ಮತ್ತೆ ತಣ್ಣಗೆ. ವರ್ಷಗಟ್ಟಲೆ ಹೀಗೆ ಎಳೆದಾಡಿಸಿಕೊಂಡ ತಂತಿ ಕೊನೆಗೊಂದು ದಿನ ತುಂಡಾಗುತ್ತದೆ. ಬಹುಪಾಲು ತುಂಡಾಗುವುದು ಕೂದಲೆಳೆಯ ತಂತಿಯನ್ನು ದಪ್ಪ ಪಿನ್ನಿಗೆ ಬೆಸೆದಿರುವ ಜಾಗದಲ್ಲಿ. ತುಂಡಾದರೂ ಎರಡು ತುದಿಗಳು ರಾಳದೊಳಗೆ ಹೂತಿರುವುದರಿಂದ ದೂರ ಹೋಗಲಾರವು. ತಣ್ಣಗಿರುವಾಗ ಮುಟ್ಟಿಕೊಂಡೇ ಇರುತ್ತವೆ. ಬಿಸಿಯಾದಾಗ ರಾಳ ಹಿಗ್ಗಿ ಅವನ್ನು ಬಿಡಿಸುತ್ತದೆ. "ಬಿಟ್ಕೊಳ್ಳುತ್ತೆ, ಹಿಡ್ಕೊಳ್ಳುತ್ತೆ" ಅಂದ ಮೆಕ್ಯಾನಿಕ್ ಭೌತಶಾಸ್ತ್ರದ ಒಂದು ಪುಟವನ್ನು ಎರಡು ಕ್ರಿಯಾಪದದಲ್ಲಿ ಮುಗಿಸಿದ್ದರು.

ಬಿಸಿಯ ಇನ್ನೊಂದು ಕುತಂತ್ರ ಬಹಳ ಜನರಿಗೆ ತಿಳಿದಿಲ್ಲ. ಗಾಡಿ ಓಡುವಾಗಿನದಕ್ಕಿಂತ ನಿಲ್ಲಿಸಿದ ಮೇಲೆ ಬಾನೆಟ್ಟಿನೊಳಗೆ ಸೆಕೆ ಹೆಚ್ಚುತ್ತದೆ. ಕೂಲಂಟ್ ಹರಿಯುವುದು ನಿಂತಿದೆ, ಎದುರುಗಾಳಿಯಿಲ್ಲ, ಕಬ್ಬಿಣದ ಬ್ಲಾಕಿನಲ್ಲಿ ತುಂಬಿಕೊಂಡ ಶಾಖ ಸುತ್ತ ಇರುವುದಕ್ಕೆಲ್ಲ ಹಬ್ಬುತ್ತದೆ. ಬಂಕಿನಲ್ಲಿ ಡೀಸೆಲ್ ಹಾಕಿಸಿ ಹತ್ತು ನಿಮಿಷ ಕಾಫಿ ಕುಡಿದು ಬಂದರೆ ಕಾರು ಸ್ಟಾರ್ಟ್ ಆಗುವುದಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಶಾಖವಿರುತ್ತದೆ. ಡೀಸೆಲ್ ಕಲಬೆರಕೆ ಎಂದು ಬಂಕಿನವರನ್ನು ಬೈದದ್ದು ವ್ಯರ್ಥ.

ಎರಡನೆಯದು ಸಂದಿ. ಸೆನ್ಸರಿಗೂ ಹಲ್ಲಿಗೂ ನಡುವಿನ ಆ ಒಂದು ಮಿಲಿಮೀಟರ್ ಒಂದೂವರೆಯಾದರೆ ಸಿಗ್ನಲ್ ಅದೇ ಪ್ರಮಾಣದಲ್ಲಿ ತಗ್ಗಿ ಸುಮ್ಮನಾಗುವುದಿಲ್ಲ, ಅದಕ್ಕಿಂತ ಕಡಿದಾಗಿ ಇಳಿಯುತ್ತದೆ. ಎಂಜಿನ್ ಓಡುತ್ತಿದ್ದರೆ ಇದು ಗೊತ್ತೇ ಆಗುವುದಿಲ್ಲ, ವೇಗ ಇದ್ದಾಗ ವೋಲ್ಟೇಜು ಹೇರಳ. ಸ್ಟಾರ್ಟ್ ಮಾಡುವಾಗ, ಎಂಜಿನ್ ನಿಮಿಷಕ್ಕೆ ಇನ್ನೂರು-ಮುನ್ನೂರು ಸುತ್ತು ತಿರುಗುವಾಗ, ಡೈನಮೋ ದೀಪ ಮಿಣಮಿಣ ಅನ್ನುವ ಹೊತ್ತಿನಲ್ಲಿ ಕೊರತೆ ಬಯಲಾಗುತ್ತದೆ. ಬ್ಯಾಟರಿ ಮುದಿಯಾಗಿದ್ದರೆ ಸೆಲ್ಫು ಇನ್ನೂ ನಿಧಾನ, ಸಿಗ್ನಲ್ ಇನ್ನೂ ಬಡಕಲು. ಆಗ ಬೈಸಿಕೊಳ್ಳುವುದು ಸೆನ್ಸರ್.

ಸಂದಿಯಲ್ಲಿ ಕಸವೂ ಕೂರುತ್ತದೆ. ಅಯಸ್ಕಾಂತವಿದ್ದಲ್ಲಿ ಕಬ್ಬಿಣದ ಪುಡಿ ಬಂದು ಅಂಟುವುದು ಸಹಜ. ಬಿಚ್ಚಿದ ಸೆನ್ಸರಿನ ಮೂತಿಯಲ್ಲಿ ಗಡ್ಡ ಬೆಳೆದಂತೆ ಕಪ್ಪು ಪುಡಿ ನಿಂತಿರುತ್ತದೆ. ಈ ಗಡ್ಡದಿಂದ ಹಲ್ಲು-ಸಂದಿಗಳ ವ್ಯತ್ಯಾಸ ಮಸುಕಾಗುತ್ತದೆ. ಬಳ್ಳಾರಿ-ಸಂಡೂರು ಕಡೆಯ ಗಾಡಿಗಳಿಗೆ ಅದಿರಿನ ದೂಳೇ ಅಂಟುತ್ತದೆ ಎಂಬ ಮಾತು ಕೇಳಲು ಸಲೀಸು. ಆದರೆ ಸಂಡೂರಿನ ಕೆಂಪು ಅದಿರು ಮುಖ್ಯವಾಗಿ ಹೆಮಟೈಟು, ಅಯಸ್ಕಾಂತಕ್ಕೆ ಹೆಚ್ಚೇನೂ ಒಲಿಯದು. ಅಂಟುವ ಜಾತಿ ಮ್ಯಾಗ್ನಟೈಟು. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದಲ್ಲಿ ಇದ್ದದ್ದು ಅದು. ಹಾಗಾಗಿ ರಸ್ತೆಯ ಕೆಂಪು ಮಣ್ಣಿನ ಮೇಲೆ ತಪ್ಪು ಹೊರಿಸುವ ಮೊದಲು ಗಾಡಿಯೊಳಗೇ ನೋಡಬೇಕು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ಗೆ ವೇಗ ಹೇಳುವ ಚಕ್ರದ ಸೆನ್ಸರಿನ ಗಡ್ಡ ಬಹುಮಟ್ಟಿಗೆ ಬ್ರೇಕ್ ಡಿಸ್ಕ್ ಸವೆದ ಪುಡಿ. ಗೇರ್‌ಬಾಕ್ಸಿನ ಸೆನ್ಸರಿನದು ಗೇರು ಸವೆದ ಪುಡಿ. ಅದು ಹೆಚ್ಚಾಗಿದ್ದರೆ ಸೆನ್ಸರನ್ನು ಒರೆಸಿ ಹಾಕಿ ಸುಮ್ಮನಾಗುವಂತಿಲ್ಲ.

ಕರಾವಳಿಯ ಕಥೆ ಬೇರೆ. ಕಾರವಾರದಿಂದ ಮಂಗಳೂರಿನವರೆಗೆ ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಚಕ್ರದ ಸೆನ್ಸರ್ ಕೂರುವ ಎರಕದ ಕಬ್ಬಿಣದ ತೂತಿನಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಅದು ಸೆನ್ಸರನ್ನು ಅಡಿಯಿಂದ ಎತ್ತುತ್ತದೆ, ಸಂದಿ ಹಿಗ್ಗುತ್ತದೆ. ಪರೀಕ್ಷಿಸಲೆಂದು ಕೀಳಲು ಹೋದರೆ ಪ್ಲಾಸ್ಟಿಕ್ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಚೆನ್ನಾಗಿದ್ದ ಸೆನ್ಸರ್ ಸತ್ತಿದ್ದು ಪರೀಕ್ಷೆಯ ಟೇಬಲ್ ಮೇಲೆ.

ಈ ಸೆನ್ಸರಿನ ಎದುರು ತಿರುಗುವ, ಆಕ್ಸಲ್ ಜಾಯಿಂಟಿಗೆ ಒತ್ತಿ ಕೂರಿಸಿದ ಹಲ್ಲಿನ ಬಳೆಯೂ ಹೀಗೇ. ಅಡಿಯಲ್ಲಿ ತುಕ್ಕು ಉಬ್ಬಿ ಬಳೆ ಒಂದು ಕಡೆ ಬಿರುಕು ಬಿಡುತ್ತದೆ. ಬಿರುಕಿನ ಜಾಗದಲ್ಲಿ ಎರಡು ಹಲ್ಲಿನ ಅಂತರ ತುಸು ಹೆಚ್ಚು. ಮನೆ ಗೇಟಿನ ಮುಂದೆ ನಿಲ್ಲಿಸಲು ಹಗುರಾಗಿ ಬ್ರೇಕ್ ಒತ್ತಿದರೆ ಪೆಡಲ್ ಪಾದದ ಕೆಳಗೆ ಗರಗರ ನಡುಗುತ್ತದೆ, ಕಾರು ಒಂದಡಿ ಮುಂದಕ್ಕೆ ಜಾರುತ್ತದೆ. ಸುತ್ತಿಗೊಮ್ಮೆ ಬರುವ ಆ ದೊಡ್ಡ ಅಂತರವನ್ನು ಎಬಿಎಸ್ ಪೆಟ್ಟಿಗೆ ಚಕ್ರ ಲಾಕ್ ಆಗುತ್ತಿದೆ ಎಂದು ಓದಿಕೊಂಡು ಬ್ರೇಕು ಸಡಿಲಿಸುತ್ತಿದೆ. ಇದಕ್ಕೆ ಸೆನ್ಸರ್ ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ. ಅದು ಕಂಡದ್ದನ್ನೇ ಹೇಳುತ್ತಿದೆ.

ಸುರುಳಿಯ ಸೆನ್ಸರಿನ ಈ ಬಾಧೆಗಳಲ್ಲಿ ಕೆಲವಕ್ಕೆ ಮದ್ದೆಂದು ಬಂದದ್ದು ಹಾಲ್ ಸೆನ್ಸರ್. 1879ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್, ತೆಳು ಚಿನ್ನದ ಹಾಳೆಯಲ್ಲಿ ವಿದ್ಯುತ್ ಹರಿಸಿ ಕಾಂತಕ್ಷೇತ್ರದಲ್ಲಿಟ್ಟಾಗ ಹಾಳೆಯ ಅಡ್ಡಕ್ಕೆ ಚಿಕ್ಕ ವೋಲ್ಟೇಜು ಹುಟ್ಟುವುದನ್ನು ಕಂಡ. ಎಲೆಕ್ಟ್ರಾನ್ ಪತ್ತೆಯಾಗಲು ಇನ್ನೂ 18 ವರ್ಷವಿತ್ತು. ಇಲ್ಲಿ ಮುಖ್ಯವಾದದ್ದು ಕ್ಷೇತ್ರ ಇರುವುದೇ ಹೊರತು ಬದಲಾಗುವ ವೇಗವಲ್ಲ. ಚಕ್ರ ನಿಂತಿದ್ದರೂ ಎದುರಿಗೆ ಹಲ್ಲಿದೆಯೋ ಸಂದಿಯಿದೆಯೋ ಹಾಲ್ ಸೆನ್ಸರ್ ಹೇಳಬಲ್ಲದು. ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ವ್ಯವಸ್ಥೆಗಳಿಗೆ ಈ ಗುಣ ಬೇಕೇ ಬೇಕು. ಕಾಂತಕ್ಷೇತ್ರದಲ್ಲಿ ಲೋಹದ ರೋಧ ಬದಲಾಗುವುದನ್ನು ಬಳಸುವ ಇನ್ನೊಂದು ಜಾತಿಯೂ ಇದೆ. 1856ರಲ್ಲಿ ವಿಲಿಯಂ ಥಾಮ್ಸನ್ ಕಂಡದ್ದು ಅದರ ಬೇರು, 2007ರ ಭೌತಶಾಸ್ತ್ರದ ನೊಬೆಲ್ ಅದರ ದೊಡ್ಡಣ್ಣನಂಥ, ಇನ್ನೂ ಪ್ರಬಲವಾದ ಪರಿಣಾಮದ ಶೋಧಕ್ಕೆ ಸಂದದ್ದು.

ಆದರೆ ಹೊಸ ಸೊಸೆ ತನ್ನದೇ ಕಾಯಿಲೆ ತಂದಳು. ಸುರುಳಿ ತಾನೇ ವಿದ್ಯುತ್ ಹುಟ್ಟಿಸುತ್ತಿತ್ತು, ಯಾರ ಹಂಗೂ ಇರಲಿಲ್ಲ. ಹಾಲ್ ಸೆನ್ಸರಿಗೆ ಹೊರಗಿನಿಂದ ಕರೆಂಟು ಬೇಕು, ಒಳಗಿರುವುದು ಸಿಲಿಕಾನ್ ಚಿಪ್ಪು. ತಾಮ್ರದ ಸುರುಳಿ ವೋಲ್ಟೇಜಿನ ಹೊಡೆತವನ್ನು ನುಂಗಿಕೊಳ್ಳುತ್ತಿತ್ತು, ಚಿಪ್ಪಿಗೆ ಅಷ್ಟು ತಾಳ್ಮೆಯಿಲ್ಲ. ನಮ್ಮಲ್ಲಿ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೇ ಎಂದು ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕೀಳುವ ಒಂದು ಹಳೆಯ ಚಾಳಿಯಿದೆ. ಕಾರಿನಲ್ಲಿ ಚಿಪ್ಪುಗಳಿಲ್ಲದಿದ್ದ ಪ್ಲಾಟಿನಂ ಪಾಯಿಂಟಿನ ಕಾಲದಲ್ಲಿ ಅದು ನಡೆಯುತ್ತಿತ್ತು. ಈಗ ಹಾಗೆ ಕಿತ್ತರೆ ಬ್ಯಾಟರಿಗೆ ಹೋಗುತ್ತಿದ್ದ ಶಕ್ತಿಯೆಲ್ಲ ಹನ್ನೆರಡು ವೋಲ್ಟಿನ ತಂತಿಯಲ್ಲಿ ಕ್ಷಣಕಾಲ ಹತ್ತಾರು ವೋಲ್ಟಾಗಿ ಏರುತ್ತದೆ. ಸೆನ್ಸರ್ ಅಂದೇ ಸಾಯಬಹುದು, ಪೆಟ್ಟು ತಿಂದು ಮೂರು ತಿಂಗಳು ಬಿಟ್ಟೂ ಸಾಯಬಹುದು. ಬ್ಯಾಟರಿ ಬಿಚ್ಚದೆ ಕಾರಿನ ಮೈಗೆ ವೆಲ್ಡಿಂಗ್ ಹೊಡೆಸುವುದು ಈ ಚಾಳಿಯ ತಮ್ಮ.

ನನಗೆ ತೀರ ಇಷ್ಟವಾದ ಪ್ರಕರಣ ಬೇರಿಂಗಿನದು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಈಗಿನ ಬಹಳಷ್ಟು ಕಾರುಗಳಲ್ಲಿ ಹಲ್ಲಿನ ಬಳೆ ಇಲ್ಲ. ಬದಲಿಗೆ ಚಕ್ರದ ಬೇರಿಂಗಿನ ಒಂದು ಮಗ್ಗುಲಿನ ಸೀಲಿನಲ್ಲೇ ಅಯಸ್ಕಾಂತದ ಪುಡಿ ಬೆರೆತ ರಬ್ಬರಿನ ಪಟ್ಟಿ ಇರುತ್ತದೆ, ಉತ್ತರ-ದಕ್ಷಿಣ ಧ್ರುವಗಳನ್ನು ಒಂದಾದ ಮೇಲೊಂದರಂತೆ ಅದರಲ್ಲಿ ಬರೆದಿರುತ್ತಾರೆ. ಕಣ್ಣಿಗೆ ಎರಡೂ ಮಗ್ಗುಲು ಹೆಚ್ಚುಕಡಿಮೆ ಒಂದೇ. ಬೇರಿಂಗನ್ನು ಹಿಂದುಮುಂದು ಮಾಡಿ ಪ್ರೆಸ್ ಹೊಡೆದರೆ ಚಕ್ರ ಸೊಗಸಾಗಿ ತಿರುಗುತ್ತದೆ, ಸದ್ದಿಲ್ಲ, ಎಬಿಎಸ್ ದೀಪ ಮಾತ್ರ ಆರುವುದಿಲ್ಲ. ಸ್ಕ್ಯಾನರ್ ಹಾಕಿದರೆ ಚಕ್ರದ ಸೆನ್ಸರ್ ಸಿಗ್ನಲ್ ಇಲ್ಲ ಅನ್ನುತ್ತದೆ. ಹೊಸ ಸೆನ್ಸರ್ ಬರುತ್ತದೆ, ಅದೂ ಸುಮ್ಮನೆ. ವೈರಿಂಗ್ ಬಿಚ್ಚುತ್ತಾರೆ. ಎಬಿಎಸ್ ಪೆಟ್ಟಿಗೆಯ ಬೆಲೆ ವಿಚಾರಿಸುತ್ತಾರೆ. ಪರೀಕ್ಷೆ ಬಲು ಅಗ್ಗ: ಒತ್ತುವ ಮುಂಚೆ ಒಂದು ಗುಂಡುಪಿನ್ನನ್ನು ಎರಡೂ ಮಗ್ಗುಲಿಗೆ ತಾಗಿಸಿ ನೋಡಿದರೆ ಸಾಕು, ಯಾವುದು ಹಿಡಿಯುತ್ತದೋ ಅದು ಸೆನ್ಸರಿನ ಕಡೆ. ಹಾಗೆಯೇ ಹೊಸ ಬೇರಿಂಗನ್ನು ಬೋಲ್ಟು ಚೆಲ್ಲದಿರಲೆಂದು ಇಟ್ಟುಕೊಂಡ ಅಯಸ್ಕಾಂತದ ತಟ್ಟೆಯಲ್ಲಿ ಇಡಬಾರದು. ಬರೆದ ಅಕ್ಷರ ಅಳಿಸಿಹೋಗಬಹುದು.

ಹಾಗಾದರೆ ಅಯಸ್ಕಾಂತವೇ ಶಕ್ತಿ ಕಳೆದುಕೊಳ್ಳುವುದಿಲ್ಲವೇ? "ಮ್ಯಾಗ್ನೆಟ್ ಪವರ್ ಹೋಗಿದೆ" ಎಂಬ ಮಾತು ಗ್ಯಾರೇಜುಗಳಲ್ಲಿ ಆಗಾಗ ಕೇಳುತ್ತದೆ. ನಾನು ನಂಬುವುದಿಲ್ಲ. ನಿಯೋಡಿಮಿಯಂ ಅಯಸ್ಕಾಂತ ತನ್ನ ಗುಣವನ್ನು ಪೂರ್ತಿ ಬಿಟ್ಟುಕೊಡುವುದು 310 ಡಿಗ್ರಿಯ ಸುಮಾರಿಗೆ. ಅದಕ್ಕೆ ಬಹಳ ಮೊದಲೇ ಬಲ ಕುಗ್ಗತೊಡಗುವುದು ನಿಜ, ಅದಕ್ಕೆಂದೇ ಬಿಸಿ ಜಾಗಗಳಿಗೆ ಸಮೇರಿಯಂ-ಕೋಬಾಲ್ಟ್ ಬಳಸುತ್ತಾರೆ. ಆ 310 ಡಿಗ್ರಿಗೆ ಬಿಸಿಯಾಗುವ ಮೊದಲು ಪ್ಲಾಸ್ಟಿಕ್ಕೂ ಬೆಸುಗೆಯೂ ಕೈಕೊಟ್ಟಿರುತ್ತವೆ. ಮನೆ ಕುಸಿದ ಮೇಲೂ ನಿಂತಿರುವ ಕಲ್ಲುಕಂಬದ ಹಾಗೆ, ಸತ್ತ ಸೆನ್ಸರುಗಳಲ್ಲಿ ಸಾಮಾನ್ಯವಾಗಿ ಗಟ್ಟಿಯಾಗಿ ಉಳಿದಿರುವುದು ಅಯಸ್ಕಾಂತವೇ.

ವೈರು ಮತ್ತು ಕನೆಕ್ಟರಿನ ಮಾತಿಗೆ ಬಂದರೆ ನನ್ನ ಮೊದಲ ಅನುಮಾನಕ್ಕೆ ಮರಳುತ್ತೇನೆ. ಕನೆಕ್ಟರಿನ ತವರದ ಲೇಪದ ಪಿನ್ನುಗಳು ಎಂಜಿನ್ ನಡುಕಕ್ಕೆ ಕಣ್ಣಿಗೆ ಕಾಣದಷ್ಟು ಉಜ್ಜಿಕೊಳ್ಳುತ್ತವೆ. ಪ್ರತಿ ಉಜ್ಜಿಗೂ ಚೂರು ಲೋಹ ಎದ್ದು ಆಕ್ಸೈಡ್ ಆಗುತ್ತದೆ, ಕ್ರಮೇಣ ಕರಿ ಪೊರೆ ಕಟ್ಟಿ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಕನೆಕ್ಟರನ್ನು ಒಮ್ಮೆ ಕಿತ್ತು ಸಿಕ್ಕಿಸಿದರೆ ಪೊರೆ ಕೆರೆದುಹೋಗುತ್ತದೆ, ಗಾಡಿ ಓಡುತ್ತದೆ. ಆ ಕೀಳುವ-ಸಿಕ್ಕಿಸುವ ನಡುವೆ ಹೊಸ ಸೆನ್ಸರ್ ಬಂದಿದ್ದರೆ ಕೀರ್ತಿ ಅದಕ್ಕೆ. ಆರು ತಿಂಗಳ ಮೇಲೆ ಅದೇ ತೊಂದರೆ ಮರುಕಳಿಸಿದಾಗ "ಡೂಪ್ಲಿಕೇಟ್ ಮಾಲು" ಎಂದು ಅಂಗಡಿಯವನಿಗೆ ಬೈಗುಳ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಗಳಲ್ಲಿ ನಕಲಿ ಮಾಲು ಇಲ್ಲವೆಂದಲ್ಲ. ಅಗ್ಗದ ಸೆನ್ಸರಿನಲ್ಲಿ ತಂತಿ, ರಾಳ ಎರಡೂ ಕಳಪೆಯಿರಬಹುದು, ಉದ್ದ ಅರ್ಧ ಮಿಲಿಮೀಟರ್ ಕಡಿಮೆಯಿದ್ದರೂ ಸಂದಿಯ ಲೆಕ್ಕ ಕೆಡುತ್ತದೆ. ಆದರೆ ಪಿನ್ನಿನ ಪೊರೆಗೆ ಅಸಲಿ-ನಕಲಿಯ ಭೇದವಿಲ್ಲ.

ಎಂಜಿನ್ ಆಯಿಲ್ ವೈರಿನ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಏರಿ ಕನೆಕ್ಟರ್ ಮುಟ್ಟುವುದುಂಟು. ವಾಟರ್ ಸರ್ವೀಸಿನ ಪ್ರೆಶರ್ ಪೈಪು ರಬ್ಬರ್ ಸೀಲನ್ನು ದಾಟುವುದುಂಟು. ಬೆಂಗಳೂರಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಇಲಿ ರಾತ್ರಿಯಿಡೀ ಕೂತು ಸಿಗ್ನಲ್ ವೈರನ್ನು ಕಡಿಯುವುದುಂಟು. ಸುರುಳಿಯ ಸೆನ್ಸರಿನ ಎರಡು ವೈರನ್ನು ಕತ್ತರಿಸಿ ಜೋಡಿಸುವಾಗ ಅದಲುಬದಲಾದರೆ ಅಲೆ ತಲೆಕೆಳಗಾಗಿ ಇಸಿಯು ಹಲ್ಲಿನ ಗುರುತನ್ನೇ ತಪ್ಪಾಗಿ ಓದುತ್ತದೆ. ಮೇಲೆ ಸುತ್ತಿದ ಜಾಲರಿ ಕಿತ್ತುಹೋಗಿದ್ದರೆ ಪಕ್ಕದ ಇಗ್ನಿಷನ್ ವೈರಿನ ಗದ್ದಲವೂ ಸಿಗ್ನಲ್ಲಿನೊಳಗೆ ನುಸುಳುತ್ತದೆ.

ಇಷ್ಟೆಲ್ಲ ಕಾರಣಗಳನ್ನು ಸ್ಕ್ಯಾನರ್ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ: ಪಿ0335. ಆ ಕೋಡಿನ ಅರ್ಥ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ ಎಂದು. ಸರ್ಕ್ಯೂಟ್ ಎಂದರೆ ಸೆನ್ಸರಿನಿಂದ ಇಸಿಯುವರೆಗಿನ ಇಡೀ ದಾರಿ. ಓದುವಾಗ ನಾವು ಆ ಒಂದು ಪದವನ್ನು ನುಂಗಿಬಿಡುತ್ತೇವೆ. ಕಸುಬು ಬಲ್ಲವರು ಬಿಡಿಭಾಗ ತರಿಸುವ ಮೊದಲು ಸೆಲ್ಫ್ ಹೊಡೆಯುತ್ತ ಸ್ಕ್ಯಾನರಿನಲ್ಲಿ ಆರ್‌ಪಿಎಂ ಬರುತ್ತಿದೆಯೇ ನೋಡುತ್ತಾರೆ, ವೈರನ್ನು ಅಲ್ಲಾಡಿಸಿ ನೋಡುತ್ತಾರೆ, ಸಾಧ್ಯವಿದ್ದರೆ ಆಸಿಲೋಸ್ಕೋಪಿನಲ್ಲಿ ಅಲೆಯ ಆಕಾರ ನೋಡುತ್ತಾರೆ. ಬಿರುಕು ಬಿಟ್ಟ ಬಳೆ, ಸೊಟ್ಟಗಾದ ಹಲ್ಲು, ಹಿಗ್ಗಿದ ಸಂದಿ ಎಲ್ಲ ಅಲ್ಲಿ ಇಸಿಜಿಯಂತೆ ಕಾಣುತ್ತವೆ. ಇದಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಬಿಲ್ಲು ಹಾಕಿದರೆ ಗಿರಾಕಿ ಜಗಳಕ್ಕೆ ಬರುತ್ತಾನೆ, ಸೆನ್ಸರಿಗೆ ಹಾಕಿದರೆ ಮಾತಿಲ್ಲದೆ ಕೊಡುತ್ತಾನೆ. ತಪ್ಪು ಗ್ಯಾರೇಜಿನದೊಂದೇ ಅಲ್ಲ.

ಆಕ್ಸಿಲರೇಟರ್ ಪೆಡಲ್ ಮತ್ತು ಥ್ರಾಟಲ್ಲಿನ ಸ್ಥಾನ ಹೇಳುವ ಸೆನ್ಸರುಗಳಲ್ಲಿ ಜಾಗರೂಕತೆ ಇನ್ನೂ ಹೆಚ್ಚು, ಅಲ್ಲಿ ತಪ್ಪಿದರೆ ಕಾರು ನಿಲ್ಲುವ ಬದಲು ಓಡಬಹುದು. ಮೊದಲು ಅಲ್ಲಿದ್ದದ್ದು ರೇಡಿಯೋ ವಾಲ್ಯೂಮಿನಂಥ ಉಜ್ಜುವ ರೋಧಕ. ಅಮೆರಿಕದಲ್ಲಿ ಟೊಯೊಟಾ ಕಾರುಗಳು ತಾವಾಗಿ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂಬ ದೂರನ್ನು ನಾಸಾ ಎಂಜಿನಿಯರುಗಳು ಪರೀಕ್ಷಿಸಿ 2011ರ ಫೆಬ್ರುವರಿಯಲ್ಲಿ ವರದಿ ಕೊಟ್ಟರು. ಕಾರು ನುಗ್ಗುವಂಥ ಎಲೆಕ್ಟ್ರಾನಿಕ್ ದೋಷ ಅವರಿಗೆ ಸಿಗಲಿಲ್ಲ. ಆದರೆ ಉಜ್ಜುವ ಜಾತಿಯ ಒಂದು ಪೆಡಲ್ ಸೆನ್ಸರಿನೊಳಗೆ ತವರದಿಂದ ಹುಟ್ಟಿದ ಮೀಸೆಯಂಥ ಎಳೆಗಳು ಬೆಳೆದು ಎರಡು ಸಿಗ್ನಲ್ಲುಗಳ ನಡುವೆ ಸೇತುವೆ ಕಟ್ಟಿದ್ದು ಕಂಡಿತು. ಈಗಿನ ಪೆಡಲ್‌ಗಳಲ್ಲಿ ಹೆಚ್ಚಾಗಿ ಇರುವುದು ಮುಟ್ಟದೆಯೇ ಅಳೆಯುವ ಸೆನ್ಸರುಗಳು, ಅದೂ ಜೋಡಿಯಾಗಿ, ಬೇರೆಬೇರೆ ವೋಲ್ಟೇಜಿನಲ್ಲಿ. ಎರಡೂ ಒಂದೇ ಮಾತು ಹೇಳದಿದ್ದರೆ ಇಸಿಯು ಇಬ್ಬರನ್ನೂ ನಂಬದೆ ಎಂಜಿನ್ ಶಕ್ತಿಯನ್ನು ತಗ್ಗಿಸುತ್ತದೆ.

ವಿದ್ಯುತ್ ಕಾರುಗಳಲ್ಲಿ ಸಮಸ್ಯೆ ತಿರುಗಾಮುರುಗಾ ಆಗಿದೆ. ಅಲ್ಲಿ ಸೆನ್ಸರಿನ ಪಕ್ಕದಲ್ಲೇ ನೂರಾರು ಆಂಪಿಯರ್ ಹರಿಯುವ ಕೇಬಲ್ಲುಗಳಿರುತ್ತವೆ, ಒಂದೊಂದರ ಸುತ್ತಲೂ ಅದರದೇ ಕಾಂತಕ್ಷೇತ್ರ. ಸೆನ್ಸರ್ ಕೆಟ್ಟಿರುವುದಿಲ್ಲ, ನೆರೆಮನೆಯ ಗಲಾಟೆಯಲ್ಲಿ ತನ್ನ ಮನೆಯ ಮಾತು ಕೇಳಿಸುವುದಿಲ್ಲ. ಅದಕ್ಕಾಗಿ ಎರಡು ಹಾಲ್ ಚುಕ್ಕಿಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸವನ್ನಷ್ಟೇ ಓದುವ ಉಪಾಯ ಬಂದಿದೆ. ದೂರದ ಗಲಾಟೆ ಎರಡಕ್ಕೂ ಸಮ ಬೀಳುವುದರಿಂದ ಕಳೆದುಹೋಗುತ್ತದೆ.

ಸಕಲೇಶಪುರದಿಂದ ತಂದ ಸೆನ್ಸರ್ ಬಹಳ ದಿನ ಮೇಜಿನ ಡ್ರಾಯರಿನಲ್ಲಿತ್ತು, ಸ್ಟೇಪ್ಲರ್ ಪಿನ್ನುಗಳನ್ನೆಲ್ಲ ಮೂತಿಗೆ ಅಂಟಿಸಿಕೊಂಡು. ಒಂದು ಭಾನುವಾರ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅದರ ಪಿನ್ನುಗಳಿಗೆ ಕ್ಲಿಪ್ ಹಾಕಿ ಕೂತೆ. 860 ಓಮ್ ತೋರಿಸಿತು, ಏನೂ ಕೆಟ್ಟಿಲ್ಲದ ಸೆನ್ಸರಿನ ಹಾಗೆ. ಮನೆಯವಳ ಹೇರ್ ಡ್ರೈಯರ್ ತಂದು ಬಿಸಿಗಾಳಿ ಬಿಟ್ಟೆ. 900 ಆಯಿತು. 950. ತಾಮ್ರ ಬಿಸಿಯಾದರೆ ರೋಧ ಡಿಗ್ರಿಗೆ ನೂರಕ್ಕೆ 0.4ರಷ್ಟು ಏರುವುದು ಸಹಜ, ಹಾಗಾಗಿ ಅದೇನೂ ದೋಷವಲ್ಲ. 1000 ದಾಟಿತು. ಪ್ಲಾಸ್ಟಿಕ್ಕಿನ ವಾಸನೆ ಬರತೊಡಗಿತು, ಒಳಗಿನಿಂದ "ಏನ್ರೀ ಅದು ಸುಡ್ತಿರೋದು" ಅಂತ ಕೂಗು. 1040, 1050. ಆಮೇಲೆ ಪರದೆಯ ಮೇಲಿದ್ದ ಅಂಕಿ ಒಮ್ಮೆ ಮಿನುಗಿ ಮಾಯವಾಗಿ, ತಂತಿ ತುಂಡಾಗಿದ್ದರೆ ಬರುವ ಓಎಲ್ ಎಂಬ ಎರಡಕ್ಷರ ನಿಂತಿತು. ಡ್ರೈಯರ್ ಆರಿಸಿ ಕಾದೆ. ಆರೇಳು ನಿಮಿಷಕ್ಕೆ ಅಂಕಿ ಮರಳಿ ಬಂತು: 1010, ಇಳಿಯುತ್ತ ಇಳಿಯುತ್ತ 870.